ಅಜ್ಜನ ಚಪ್ಪಲಿಯ ಹಿಮ್ಮಡಿ

ಚಿಲಕ ಹೊಸ್ತಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಅಜ್ಜನ ಚಪ್ಪಲಿ ಒರೆಸುತ್ತಿದ್ದಳು. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಪಟ್ಟಿಯ ಸಂದಿಯಲ್ಲಿ ಕೂತ ಧೂಳನ್ನು ಬೆರಳಿಗೆ ಬಟ್ಟೆ ಸುತ್ತಿಕೊಂಡು ತೆಗೆಯಬೇಕು. ಒರೆಸಿದ ಮೇಲೆ ಮೂತಿ ಗೋಡೆಗೆ, ಹಿಮ್ಮಡಿ ಹೊರಗೆ ಬರುವಂತೆ ಜೋಡಿಸಿಡಬೇಕು. ಹೊರಗಿನಿಂದ ಬಂದವರು ಈಗಷ್ಟೇ ಕಳಚಿಟ್ಟು ಒಳಗೆ ಹೋದ ಹಾಗೆ.

ಅಜ್ಜ ತೀರಿಕೊಂಡು ವರ್ಷ ದಾಟಿತ್ತು. ಚಪ್ಪಲಿ ಮಾತ್ರ ಅಲ್ಲೇ ಇತ್ತು. ಟೈರಿನ ರಬ್ಬರಿನಿಂದ ಹೊಲಿಸಿದ ದಪ್ಪ ಅಟ್ಟೆಯ ಚಪ್ಪಲಿ. ಅಜ್ಜನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹಾಗಾಗಿ ಅವನು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಟಪ್... ಸರ್ರ್. ಟಪ್... ಸರ್ರ್.

ದಿನಾ ಬೆಳಿಗ್ಗೆ ಅಜ್ಜಿಯೇ ಆ ಚಪ್ಪಲಿ ಒರೆಸುತ್ತಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಅಜ್ಜಿಯ ಬಲಭುಜದ ಮೂಳೆ ಮುರಿದ ಮೇಲೆ ಆ ಕೆಲಸ ಚಿಲಕಳ ಪಾಲಿಗೆ ಬಂತು. ಮಾಡು ಎಂದೂ ಯಾರೂ ಹೇಳಿರಲಿಲ್ಲ.

ಒರೆಸಿದ ಬಟ್ಟೆಯನ್ನು ಅಜ್ಜಿ ಬಾಗಿಲ ಮೇಲಿನ ಮೊಳೆಗೆ ಹಾಕುತ್ತಿದ್ದಳು. ಚಿಲಕಳಿಗೆ ಅದು ಎಟುಕದು. ಅವಳು ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಎದ್ದಳು.

ಆಗ ಒಳಗೆ ಅಜ್ಜಿ ಅಪ್ಪನಿಗೆ ಹೇಳುವುದು ಕೇಳಿತು. "ನಾನಿನ್ನು ಆ ಬೈಕ್ ಹತ್ತಲ್ಲ ಕಣೋ. ಕೈ ಹೀಗೇ ಇದ್ದರೆ ಇರಲಿ."



ಹಿಂದಿನ ದಿನ ಅಪ್ಪ ಅಜ್ಜಿಯನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದ. ಆಸ್ಪತ್ರೆ ಊರಿನ ಆ ತುದಿಯಲ್ಲಿತ್ತು. ನೀರಿನ ಪೈಪ್ ಹಾಕಲು ಅಗೆದ ರಸ್ತೆಯನ್ನು ಯಾರೂ ಸರಿಯಾಗಿ ಮುಚ್ಚಿರಲಿಲ್ಲ. ಒಂದೊಂದು ಗುಂಡಿಗೂ ಬೈಕಿನ ಹಿಂಭಾಗ ಧಡ್ ಎಂದು ಕುಟ್ಟುತ್ತಿತ್ತು. ಆ ಏಟು ನೇರ ಅಜ್ಜಿಯ ಭುಜಕ್ಕೇ. ಮನೆಗೆ ಬಂದಾಗ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಸ್ಸಿನಲ್ಲಿ ಹೋದರೆ ನೂಕುನುಗ್ಗಲು. ಪ್ರತಿ ಸಲ ಆಟೋ ಮಾಡಲು ಕೈಯಲ್ಲಿ ಅಷ್ಟು ದುಡ್ಡಿಲ್ಲ.

ಆಸ್ಪತ್ರೆಯಲ್ಲಿ ಕೈ ಎತ್ತಿಸಿ ಇಳಿಸಿ ಅಭ್ಯಾಸ ಮಾಡಿಸುವವಳನ್ನು ಚಿಲಕ ಎಕ್ಸರ್‌ಸೈಜ್ ಅಕ್ಕ ಎಂದು ಕರೆಯುತ್ತಿದ್ದಳು. ಆ ಅಕ್ಕ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು. ಈಗ ಬರದೆ ಹೋದರೆ ಭುಜ ಹೀಗೇ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಯಾರು ಏನು ಮಾಡಿದರೂ ಬಿಡುವುದಿಲ್ಲ.

ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಬೀಗ ರಿಪೇರಿ ಮಾಡುವವನು. ತುಕ್ಕು ಹಿಡಿದು ಕಚ್ಚಿಕೊಂಡ ಬೀಗಗಳನ್ನು ದಿನವೂ ನೋಡುತ್ತಿದ್ದ. ಚಿಲಕ ಎನ್ನುವುದೂ ಅವನೇ ಇಟ್ಟ ಹೆಸರು. ಮಗಳು ಒಂದು ಸಲ ಬಾಯಿ ಮುಚ್ಚಿದರೆ ಯಾವ ಕೀಲಿಗೂ ತೆರೆಯುವುದಿಲ್ಲ ಎಂದು ಅವನ ದೂರು. ಅವಳ ಅಸಲಿ ಹೆಸರು ಶಾಲೆಯ ಹಾಜರಿಯಲ್ಲಿ ಮಾತ್ರ ಇತ್ತು.

ಅಪ್ಪ ಹೊರಗೆ ಬಂದು, ಮನೆಯ ಪಕ್ಕದ ಸಂದಿಯಲ್ಲಿ ನಿಂತಿದ್ದ ಬೈಕನ್ನು ಕಳ್ಳನನ್ನು ನೋಡುವ ಹಾಗೆ ನೋಡಿದ.

"ಅಜ್ಜಿ ಬೈಕಿಗೆ ಹೊಂದಿಕೊಳ್ಳಲ್ಲ. ಬೈಕೇ ಅಜ್ಜಿಗೆ ಹೊಂದಿಕೊಳ್ಳಬೇಕು," ಎಂದ. "ನೀರು ತುಂಬಿದ ಲೋಟ ತಗೊಂಡು ಬಾ, ಚಿಲಕ."

ಲೋಟ ಯಾಕೆಂದರೆ, ಅದೇ ಅವರ ಪರೀಕ್ಷೆ. ಅಂಚಿನವರೆಗೆ ನೀರು ತುಂಬಿದ ಲೋಟ ಹಿಡಿದು ಚಿಲಕ ಹಿಂದೆ ಕೂರಬೇಕು. ಅಪ್ಪ ರಸ್ತೆಯ ತಿರುವಿನ ಹಂಪ್ ಹಾರಿಸಬೇಕು. ಅವಳ ಲಂಗ ಎಷ್ಟು ಒದ್ದೆಯಾಯಿತು ಎನ್ನುವುದೇ ಮಾರ್ಕ್ಸ್. ಮೊದಲನೆಯ ಸಲ ಲೋಟದಲ್ಲಿ ಗುಟುಕು ನೀರೂ ಉಳಿಯಲಿಲ್ಲ.

ಅಪ್ಪ ಬಿಟ್ಟಿ ಕೆಲಸಗಳಿಂದ ಶುರು ಮಾಡಿದ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿಟ್ಟಿದ್ದ. ಅದನ್ನು ಚೈನ್ ಕವರಿನ ಮೇಲೆ ಬರೆದ ಅಳತೆಗೆ ಇಳಿಸಿದ. ಯಾರೋ ಎಸೆದ ಸೋಫಾದ ಸ್ಪಂಜನ್ನು ಕತ್ತರಿಸಿ ಸೀಟಿನ ಕೆಳಗೆ ಸೇರಿಸಿದ. ಪ್ಯಾಕಿಂಗ್ ಕಂಪನಿಯಿಂದ ಸುಸ್ತಾಗಿ ಬಂದ ಅಮ್ಮ, ಬೈಯುತ್ತಲೇ ಅದರ ಕವರು ಹೊಲಿದಳು. ಆಮೇಲೆ ಅಪ್ಪ ಮುಂದಿನ ಚಕ್ರದ ಎರಡು ಕೊಳವೆಗಳ ಎಣ್ಣೆ ಬದಲಿಸಿದ. ಹಳೆಯ ಎಣ್ಣೆ ಕಪ್ಪಗೆ, ನೀರಿನ ಹಾಗೆ ತೆಳ್ಳಗೆ ಇಳಿದು ಕೊಳೆತ ಮೀನಿನಂತೆ ನಾರಿತು. ಹೊಸದನ್ನು ಅಳೆದು ಹೊಯ್ಯಲು, ಚಿಲಕ ಪಾಪುವಾಗಿದ್ದಾಗಿನ ಹಾಲಿನ ಬಾಟಲಿ ಬಂತು. ಅದರ ಮೇಲೆ ಗೆರೆಗಳಿದ್ದವಲ್ಲ.

ಈಗ ಲೋಟದಲ್ಲಿ ಅರ್ಧ ನೀರು ಉಳಿಯಿತು. ಆದರೆ ಹಿಂಭಾಗದ ಧಡ್ ಹೋಗಲಿಲ್ಲ.

ಹಿಂದಿನ ಚಕ್ರದ ಎರಡೂ ಪಕ್ಕ ಒಂದೊಂದು ದಪ್ಪ ಸ್ಪ್ರಿಂಗ್ ಇರುತ್ತದಲ್ಲ, ಅದೇ ಶಾಕ್ಸ್. ಅಪ್ಪ ಸೀಟನ್ನು ಒತ್ತಿ ಬಿಟ್ಟ. ಅದು ಚೆಂಡಿನ ಹಾಗೆ ಪುಟಪುಟ ಕುಣಿಯಿತು.

"ಒಳಗಿನ ಎಣ್ಣೆ ಪೂರಾ ಸೋರಿಹೋಗಿದೆ," ಎಂದ ಅಪ್ಪ. "ಒಳ್ಳೆ ಶಾಕ್ಸ್ ಹೀಗೆ ಕುಣಿಯಲ್ಲ. ನಿಧಾನಕ್ಕೆ ಏಳುತ್ತೆ. ವಯಸ್ಸಾದವರು ಕುರ್ಚಿಯಿಂದ ಏಳೋ ಹಾಗೆ."

ಹೊಸದರ ರೇಟು ಕೇಳಲು ಮೆಕ್ಯಾನಿಕ್ ಹತ್ತಿರ ಹೋದ ಅಪ್ಪ ತಲೆ ಕೆರೆದುಕೊಂಡು ವಾಪಸ್ ಬಂದ. ಅವತ್ತೇ ಸಂಜೆ ಅಪ್ಪ ಮಗಳು ಗುಜರಿ ಅಂಗಡಿಗೆ ಹೋದರು.

ತಗಡಿನ ಬೇಲಿಯ ಒಳಗೆ ಸತ್ತ ಬೈಕುಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಲವಕ್ಕೆ ಚಕ್ರ ಇರಲಿಲ್ಲ, ಕೆಲವಕ್ಕೆ ಮುಖವೇ ಇರಲಿಲ್ಲ. ಒಡೆದ ಕನ್ನಡಿಯೊಂದು ಚಿಲಕಳನ್ನೇ ನೋಡುತ್ತಿತ್ತು. ಅವಳು ಪಕ್ಕಕ್ಕೆ ಸರಿದರೆ ಇನ್ನೊಂದು ಕನ್ನಡಿ ನೋಡಿತು. ಬಿಸಿಲು ಇಳಿಯುತ್ತಿದ್ದಂತೆ ಕಾದ ತಗಡುಗಳು ತಣ್ಣಗಾಗುತ್ತ ಟಿಕ್, ಟಿಕ್ ಎಂದು ಅಲ್ಲೊಂದು ಇಲ್ಲೊಂದು ಸದ್ದು ಮಾಡುತ್ತಿದ್ದವು. ಯಾರೋ ಬೆರಳ ನೆಟಿಗೆ ಮುರಿಯುವ ಹಾಗಿತ್ತು.

ಗುಜರಿ ತಾತ ಕಾರಿನಿಂದ ಕಿತ್ತ ಸೀಟಿನ ಮೇಲೆ ಕೂತಿದ್ದ. ಕೂತಲ್ಲಿಂದಲೇ ಕೈ ತೋರಿಸಿದ. ಅಪ್ಪ ರಾಶಿಯಿಂದ ಒಂದೊಂದೇ ಶಾಕ್ಸ್ ಎಳೆದು, ನೆಲಕ್ಕೆ ಊರಿ, ಎದೆಯ ಭಾರ ಹಾಕಿ ಒತ್ತಿದ. ಕೆಲವು ಒತ್ತಿದ ಮೇಲೆ ಏಳಲೇ ಇಲ್ಲ. ಕೆಲವು ಕೈಯನ್ನು ಎಗರಿಸಿದವು. ಕೊನೆಗೊಂದು ಜೊತೆ ಉಸ್ಸ್ ಎಂದು ಉಸಿರು ಬಿಟ್ಟು ನಿಧಾನಕ್ಕೆ ಎದ್ದಿತು.

"ಇದು ಯಾರ ಬೈಕಿಂದು, ತಾತಾ?" ಎಂದು ಚಿಲಕ ಕೇಳಿದಳು. ಅವಳು ಆ ದಿನ ಬಾಯಿ ಬಿಟ್ಟದ್ದು ಅದೊಂದೇ ಸಲ.

"ಅದನ್ನೆಲ್ಲ ಕೇಳಬಾರದು ಮಗಾ," ಎಂದ ತಾತ. "ಕೇಳಿದ್ರೆ ಮನೆಗೆ ಒಯ್ಯೋಕೆ ಮನಸ್ಸು ಬರಲ್ಲ."

ಮನೆಗೆ ತಂದು ನೋಡಿದರೆ ಇನ್ನೊಂದು ತಲೆನೋವು. ಶಾಕ್ಸಿನ ಮೇಲೂ ಕೆಳಗೂ ಬೋಲ್ಟ್ ಹಾಕುವ ತೂತುಗಳಿರುತ್ತವೆ. ಆ ತೂತಿನೊಳಗೆ ರಬ್ಬರಿನ ಬಳೆಯ ಹಾಗಿರುವ ಬುಷ್ ಕೂತಿರಬೇಕು. ಅದು ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಇವುಗಳ ಬುಷ್ ಒಣಗಿ ಪುಡಿಪುಡಿಯಾಗಿತ್ತು. ಇಷ್ಟು ಹಳೆಯ ಮಾಡೆಲ್ಲಿಗೆ ಬಿಡಿ ಬುಷ್ ಸಿಗುವುದಿಲ್ಲ ಎಂದು ಮೂರು ಅಂಗಡಿಯವರೂ ಕೈ ಚೆಲ್ಲಿದರು.

ಅಪ್ಪ ಬಿಡುವ ಪೈಕಿ ಅಲ್ಲ. ತಾನೇ ಮಾಡುತ್ತೇನೆ ಎಂದು ಹವಾಯಿ ಚಪ್ಪಲಿ ಕತ್ತರಿಸಿ ಹಾಕಿ ನೋಡಿದ. ಬೋಲ್ಟ್ ಬಿಗಿಯುತ್ತಿದ್ದಂತೆ ಅದು ಹಿಸುಕಿಕೊಂಡು ಹೊರಗೆ ಬಂತು. "ಗಟ್ಟಿ ರಬ್ಬರ್ ಬೇಕು. ಕೈಯಗಲ ಸಿಕ್ಕಿದ್ರೆ ಸಾಕು," ಎಂದು ಗೊಣಗುತ್ತ ಟೈರ್ ಅಂಗಡಿಯ ಕಡೆ ನಡೆದ.

ಮರುದಿನ ಆಸ್ಪತ್ರೆಯ ದಿನ. ಅಜ್ಜಿ ಆಗಲೇ ಎರಡು ಸಲ ತಪ್ಪಿಸಿದ್ದಳು. ಚಿಲಕ ಕಿಟಕಿಯಿಂದ ಇಣುಕಿದಳು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು.

ಚಿಲಕ ಹೊಸ್ತಿಲ ಹತ್ತಿರ ಬಂದಳು. ಚಪ್ಪಲಿಯ ಹಿಮ್ಮಡಿ ಅವಳ ಕಡೆಗಿತ್ತು. ದಪ್ಪ, ಗಟ್ಟಿ, ಕಪ್ಪು.

ಅವಳು ತುಂಬ ಹೊತ್ತು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಅಪ್ಪನ ಗರಗಸದ ಬ್ಲೇಡು ತೆಗೆದುಕೊಂಡು ಹಿತ್ತಲಿಗೆ ಹೋದಳು. ಬ್ಲೇಡು ಎಳೆದಾಗಲೆಲ್ಲ ರಬ್ಬರ್ ಸರ್ರ್ ಎನ್ನುತ್ತಿತ್ತು. ಎರಡೂ ಹಿಮ್ಮಡಿ ಕೈಗೆ ಬಂದವು. ಉಳಿದ ಚಪ್ಪಲಿಯನ್ನು ಹಾಗೇ ಇಟ್ಟರೆ ಕತ್ತರಿಸಿದ್ದು ಎದ್ದು ಕಾಣುತ್ತದೆ. ಅವಳು ಅದನ್ನು ತಿರುಗಿಸಿ, ತುಂಡಾದ ಕಡೆಯನ್ನು ಗೋಡೆಗೆ ಒತ್ತಿ, ಮೂತಿ ಹೊರಗೆ ಮಾಡಿ ಇಟ್ಟಳು.

ರಬ್ಬರ್ ನೋಡಿದ ಅಪ್ಪನ ಮುಖ ಅರಳಿತು. ಎಲ್ಲಿ ಸಿಕ್ಕಿತು ಎಂದು ಕೇಳಿದ. ಸಿಕ್ಕಿತು ಅಷ್ಟೇ ಎಂದಳು ಚಿಲಕ. ಕತ್ತಲಾಗುವ ಮುಂಚೆ ಮುಗಿಸುವ ಅವಸರದಲ್ಲಿ ಅವನೂ ಕೆದಕಲಿಲ್ಲ. ಅಂಚು ಚೂಪು ಮಾಡಿದ ಪೈಪನ್ನು ರಬ್ಬರಿನ ಮೇಲಿಟ್ಟು, ಸುತ್ತಿಗೆಯಿಂದ ಹೊಡೆದು, ದುಂಡನೆಯ ತುಂಡುಗಳನ್ನು ಕತ್ತರಿಸಿದ. ಸ್ವಲ್ಪ ದೊಡ್ಡವಾದವು. ಆದರೂ ಸೋಪು ಹಚ್ಚಿ, ಹಲ್ಲು ಕಚ್ಚಿ, ತೂತಿನೊಳಗೆ ತುರುಕಿದ.

ಆ ಸಂಜೆ ಅಜ್ಜಿ ಗಾಳಿಗೆಂದು ಬಾಗಿಲಿಗೆ ಬಂದಳು. ಕೆಳಗೆ ನೋಡಿ ನಿಂತುಬಿಟ್ಟಳು. ಬಗ್ಗಿ ಎತ್ತಿ ನೋಡುವ ಹಾಗಿರಲಿಲ್ಲ. ಸುಮ್ಮನೆ ನೋಡಿದಳು.

"ಅವರು ಹೊರಗೆ ಹೊರಟ ಹಾಗಿದೆ," ಎಂದಳು ಮೆಲ್ಲಗೆ.

ಚಿಲಕಳ ಬೆನ್ನಿನ ಮೇಲೆ ಇರುವೆ ಹರಿದಂತಾಯಿತು.

ಮರುದಿನ ಶಾಲೆ ಬಿಟ್ಟ ಮೇಲೆ ಅಪ್ಪ ಅಜ್ಜಿಯನ್ನು ಕಾಡಿ ಬೇಡಿ ಹೊರಡಿಸಿದ. ಇದೊಂದು ಸಲ ನೋಡು, ಆಗದಿದ್ದರೆ ಇನ್ನು ಕೇಳುವುದಿಲ್ಲ ಎಂದು ಮಾತು ಕೊಟ್ಟ. ಅಪ್ಪನ ಬೆನ್ನಿಗೆ ಚಿಲಕ, ಚಿಲಕಳ ಬೆನ್ನಿಗೆ ಅಜ್ಜಿ. ಅಜ್ಜಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಎಡಗೈಯಲ್ಲಿ ಹಿಂದಿನ ಕಂಬಿ ಹಿಡಿದು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳ ಹಿಂದೆ ಗೇಣುದ್ದ ಸೀಟು ಖಾಲಿ ಇತ್ತು.

ಅಜ್ಜಿ ಕೂತಾಗ ಬೈಕು ಉಸ್ಸ್ ಎಂದು ಕೆಳಗಿಳಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಟಪ್ ಎಂದು ಇನ್ನೂ ಒಂದು ಚೂರು ಇಳಿಯಿತು. ಕಡೆಯಲ್ಲಿ ಬಂದವರೊಬ್ಬರು ಹತ್ತಿ ಕೂತ ಹಾಗೆ.

ಚಿಲಕ ಹಿಂದೆ ತಿರುಗಿದಳು. ಅಜ್ಜಿಯೂ ಹಿಂದೆ ತಿರುಗಿದ್ದಳು.

ಅಗೆದ ರಸ್ತೆ ಬಂತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಗುಂಡಿ ಬಂತು, ಬೈಕು ಇಳಿಯಿತು, ಎದ್ದಿತು. ಧಡ್ ಇಲ್ಲ. ಅದರ ಬದಲು ಕೆಳಗಿನಿಂದ ಬೇರೆ ಸದ್ದು ಬರುತ್ತಿತ್ತು. ಇಳಿಯುವಾಗ ಟಪ್. ಏಳುವಾಗ ಸರ್ರ್.

ಟಪ್... ಸರ್ರ್. ಟಪ್... ಸರ್ರ್.

ಚಿಲಕ ಅಪ್ಪನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಪ್ಪನಿಗೆ ಇಂಜಿನ್ನಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅವನು ನೋವಾಗುತ್ತಿದೆಯಾ ಅಮ್ಮಾ ಎಂದು ಕೂಗಿ ಕೇಳಿದ. ರೈಲ್ವೆ ಗೇಟು ದಾಟುವಾಗ ಚಿಲಕ ಓರೆಗಣ್ಣಿನಲ್ಲಿ ನೋಡಿದಳು. ಕಂಬಿ ಹಿಡಿದಿದ್ದ ಅಜ್ಜಿಯ ಎಡಗೈ ಈಗ ಕಂಬಿಯ ಮೇಲಿರಲಿಲ್ಲ. ಖಾಲಿ ಸೀಟಿನ ಮೇಲಿತ್ತು. ಯಾರದೋ ಕೈಮೇಲೆ ಇಟ್ಟಷ್ಟು ಹಗುರವಾಗಿ.

ಆಸ್ಪತ್ರೆಯಲ್ಲಿ ಮೂವರೂ ಇಳಿದರು. ಅಜ್ಜಿಯ ಮುಖ ಬೂದಿ ಬಣ್ಣಕ್ಕೆ ತಿರುಗಿರಲಿಲ್ಲ.

"ಇವತ್ತು ಯಾರೋ ಹಿಡಿದುಕೊಂಡ ಹಾಗಿತ್ತು," ಎಂದಳು.

ಅಪ್ಪ ಬೀಗಿದ. ಗುಜರಿ ಮಾಲು ಅಂತ ಅಸಡ್ಡೆ ಮಾಡಬಾರದು ಎಂದು ಯಾರೂ ಕೇಳದಿದ್ದರೂ ಹೇಳಿದ. ಚಿಲಕ ಮಾತ್ರ ಬೈಕನ್ನೇ ನೋಡುತ್ತಿದ್ದಳು. ಎಲ್ಲರೂ ಇಳಿದಿದ್ದರೂ ಸೀಟು ಮೇಲೆದ್ದಿರಲಿಲ್ಲ. ಅವರು ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ಹೋದ ಮೇಲೆ ಹಿಂದಿನಿಂದ ಸರ್ರ್ ಎಂದು ಕೇಳಿತು. ತಿರುಗಿ ನೋಡಿದಳು. ಸುತ್ತ ಯಾರೂ ಇಲ್ಲ. ಸೀಟು ನಿಧಾನಕ್ಕೆ ಮೇಲೇಳುತ್ತಿತ್ತು. ವಯಸ್ಸಾದವರು ಕುರ್ಚಿಯಿಂದ ಏಳುವ ಹಾಗೆ.

ಅಂದಿನಿಂದ ಅಜ್ಜಿ ಒಂದು ದಿನವೂ ಆಸ್ಪತ್ರೆ ತಪ್ಪಿಸಲಿಲ್ಲ. ಎಕ್ಸರ್‌ಸೈಜ್ ಅಕ್ಕ ಮನೆಯಲ್ಲೂ ಅಭ್ಯಾಸ ಮಾಡಬೇಕೆಂದು ಹೇಳಿದ್ದಳು. ಗೋಡೆಗೆ ಎದುರಾಗಿ ನಿಂತು, ಬಲಗೈಯ ಬೆರಳುಗಳನ್ನು ಒಂದೊಂದೇ ಹೆಜ್ಜೆ ಮೇಲಕ್ಕೆ ನಡೆಸಬೇಕು. ತಲುಪಿದಲ್ಲಿಗೆ ಸೀಮೆಸುಣ್ಣದ ಗೆರೆ ಎಳೆಯುವುದು ಚಿಲಕಳ ಕೆಲಸ.

ಆಸ್ಪತ್ರೆಯಿಂದ ಬಂದ ಸಂಜೆಗಳಲ್ಲಿ ಅಪ್ಪ ಅವರನ್ನು ಇಳಿಸಿ, ಬೈಕನ್ನು ಸಂದಿಯಲ್ಲಿ ನಿಲ್ಲಿಸಿ, ಅಂಗಡಿ ಮುಚ್ಚಲು ನಡೆದು ಹೋಗುತ್ತಿದ್ದ. ಅಮ್ಮ ಇನ್ನೂ ಬಂದಿರುತ್ತಿರಲಿಲ್ಲ. ದೀಪ ಹಾಕುವ ಮುಂಚಿನ ಆ ಮಸುಕಿನಲ್ಲಿ ಅಜ್ಜಿಯ ಬೆರಳುಗಳು ಜೇಡದ ಹಾಗೆ ಗೋಡೆ ಹತ್ತುತ್ತಿದ್ದವು. ಆಗ ಕಿಟಕಿಯ ಆಚೆ, ಸಂದಿಯಲ್ಲಿ, ಸರ್ರ್... ಟಪ್.

ಗೋಡೆಯ ಮೇಲಿನ ಬೆರಳುಗಳು ನಿಲ್ಲುತ್ತಿದ್ದವು.

"ಇಳಿದರು," ಎನ್ನುತ್ತಿದ್ದಳು ಅಜ್ಜಿ, ಯಾರಿಗೂ ಅಲ್ಲದ ಹಾಗೆ. ಮತ್ತೆ ಬೆರಳುಗಳು ಹತ್ತತೊಡಗುತ್ತಿದ್ದವು.

ಚಿಲಕಳಿಗೆ ಊಟ ಸೇರದಾಯಿತು. ಸಂದಿಯ ಕಡೆ ಹೋಗುವುದನ್ನೇ ಬಿಟ್ಟಳು. ಅಲ್ಲಿ ಒಣಹಾಕಿದ ಬಟ್ಟೆ ತರಬೇಕೆಂದರೆ ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಚಪ್ಪಲಿ ಒರೆಸುವಾಗ ಮೂತಿಯನ್ನಷ್ಟೇ ಮುಟ್ಟುತ್ತಿದ್ದಳು. ಗೋಡೆಗೆ ಒತ್ತಿಟ್ಟ ಕಡೆಗೆ ಕೈ ಹೋಗುತ್ತಿರಲಿಲ್ಲ.

ಕ್ಲಾಸಿನಲ್ಲಿ ಅವಳ ಪಕ್ಕ ಕೂರುವವಳಿಗೆ ರೇಡಿಯೋ ಎಂದು ಹೆಸರು. ಅವಳಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ತೀರಿಹೋದವರ ಸಾಮಾನು ಯಾರಾದರೂ ಹಾಳು ಮಾಡಿದರೆ ಏನಾಗುತ್ತದೆ ಎಂದು ಚಿಲಕ ಸುತ್ತಿ ಬಳಸಿ ಕೇಳಿದಳು.

"ಬಂದು ಕೇಳ್ತಾರೆ," ಎಂದಳು ರೇಡಿಯೋ, ಪೆನ್ಸಿಲ್ ಚೂಪು ಮಾಡುತ್ತ. "ಡೈರೆಕ್ಟಾಗಿ ಕೇಳಲ್ಲ. ಮೊದ್ಲು ಸುಮ್ನೆ ಬಂದು ಪಕ್ಕದಲ್ಲಿ ಕೂರ್ತಾರೆ. ನಾವಾಗೇ ಹೇಳ್ತೀವಾ ಅಂತ ನೋಡ್ತಾರೆ."

"ಹೇಳದಿದ್ರೆ?"

"ಕೂತೇ ಇರ್ತಾರೆ. ಅವರಿಗೇನು, ಹೋಮ್‌ವರ್ಕಾ, ಸ್ಕೂಲಾ?"

ಚಿಲಕ ನಗಲಿಲ್ಲ.

ಆ ಭಾನುವಾರ ಅಪ್ಪ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅವಳು ಸಂದಿಯ ಬಾಯಲ್ಲೇ ನಿಂತು, ಹಿಂದಿನ ಆ ರಬ್ಬರ್ ತೆಗೆದುಬಿಡು ಎಂದಳು. ಯಾಕೆ ಎಂದು ಅಪ್ಪ ಕೇಳಿದ. ಸದ್ದು ಬರುತ್ತೆ ಎಂದಳು. ಯಾರೂ ಇಲ್ಲದಾಗ ಅದು ತಾನೇ ಎದ್ದೇಳುತ್ತೆ ಎಂದಳು. ಹೇಳುವಾಗ ದನಿ ಒಡೆಯಿತು.

ಅಪ್ಪ ನಗಲಿಲ್ಲ. ಅವಳನ್ನು ಹತ್ತಿರ ಕರೆದು, ಸೀಟನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಅದು ಕೆಳಗೇ ನಿಂತಿತು.

"ಸ್ವಲ್ಪ ತಡಿ," ಎಂದ.

ಕಾದರು. ಸರ್ರ್ ಎಂದು ಸೀಟು ಎದ್ದಿತು.

"ಬುಷ್ ದೊಡ್ಡದಾಯ್ತು, ಬೋಲ್ಟ್ ಬಿಗಿ ಆಯ್ತು. ರಬ್ಬರ್ ತಿರುಗೋಕೆ ಒದ್ದಾಡುತ್ತೆ. ಅದಕ್ಕೇ ತಡವಾಗಿ ಇಳಿಯೋದು, ತಡವಾಗಿ ಏಳೋದು. ತುಕ್ಕು ಹಿಡಿದ ಚಿಲಕದ ಹಾಗೆ," ಎಂದು ಅವಳ ತಲೆಗೆ ಮೊಟಕಿದ. "ತಪ್ಪು ನಂದು. ಬಿಚ್ಚಿ ಸ್ವಲ್ಪ ಅರದಲ್ಲಿ ಉಜ್ಜಿದ್ರೆ ಸದ್ದು ನಿಲ್ಲುತ್ತೆ. ಸ್ಪ್ಯಾನರ್ ಕೊಡು."

ಎಲ್ಲ ಎಷ್ಟು ಸರಳ. ಚಿಲಕಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಸ್ಪ್ಯಾನರ್ ತಂದು ಕೊಟ್ಟಳು. ಅಪ್ಪ ಬೋಲ್ಟಿಗೆ ಅದನ್ನು ಸಿಕ್ಕಿಸಿದ.

"ಬಿಚ್ಚಬೇಡ."

ಕಿಟಕಿಯಲ್ಲಿ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಸದ್ದು ಬರುತ್ತೆ ಅಮ್ಮಾ, ಮಗು ಹೆದರಿಕೊಂಡಿದೆ, ಅರ್ಧ ಗಂಟೆಯ ಕೆಲಸ ಎಂದು ಅಪ್ಪ ಸಮಾಧಾನ ಹೇಳಿದ.

"ಸದ್ದಿರಲಿ," ಎಂದಳು ಅಜ್ಜಿ. "ಅದಿದ್ರೇನೆ ನಾನು ಕೂರೋದು."

ಅಪ್ಪ ಅಜ್ಜಿಯ ಮುಖ ನೋಡಿದ. ಆಮೇಲೆ ಬಗ್ಗಿ, ಬುಷ್ಷಿನ ಮೇಲೆ ಕೂತ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿದ. ಮೊದಲ ಸಲ ಎಂಬಂತೆ ಆ ರಬ್ಬರನ್ನು ನೋಡಿದ. ಹೆಬ್ಬೆರಳು ಅಲ್ಲೇ ನಿಂತಿತು. ಅವನ ಕಣ್ಣು ಒಂದು ಸಲ ಹೊಸ್ತಿಲ ಕಡೆ ಹೋಗಿ ಬಂತು.

ಸ್ಪ್ಯಾನರ್ ತೆಗೆದು ಡಬ್ಬಿಗೆ ಹಾಕಿದ.

ಚಿಲಕಳ ಎದೆಯ ಕಲ್ಲು ಮತ್ತೆ ಜಾಗಕ್ಕೆ ಬಂದು ಕೂತಿತು. ಈ ಸಲ ಇನ್ನೂ ಭಾರವಾಗಿತ್ತು. ಹೇಳಿಬಿಡಬೇಕು ಎಂದುಕೊಂಡಳು. ಅಜ್ಜಿಯ ಮುಂದೆ ಹೋಗಿ ನಿಂತಳು ಕೂಡ. ಅಜ್ಜಿ ಏನು ಪುಟ್ಟಿ ಎಂದಳು. ಇವಳು ಗೋಡೆಯ ಗೆರೆ ನೋಡಿ, ಇವತ್ತು ನನ್ನ ತಲೆಗಿಂತ ಮೇಲೆ ಹೋಗಿದೆ ಎಂದಷ್ಟೇ ಹೇಳಿ ಬಂದಳು.

ಮರುದಿನ ಬ್ಯಾಗು ಹೆಗಲಿಗೆ ಹಾಕುವ ಮೊದಲು ಚಪ್ಪಲಿ ಒರೆಸಲು ಹೊರಗೆ ಬಂದಳು. ಬಕೆಟ್ಟಿನ ಅಂಚಿನಲ್ಲಿ ಬಟ್ಟೆ ಇರಲಿಲ್ಲ. ಒಳಗೆ ಹುಡುಕಿದಳು. ಬಚ್ಚಲಲ್ಲಿ ಹುಡುಕಿದಳು. ಮತ್ತೆ ಬಾಗಿಲಿಗೆ ಬಂದಾಗ ಹಣೆಯ ಮೇಲೆ ತಣ್ಣಗಿನ ಒಂದು ಹನಿ ಬಿತ್ತು.

ತಲೆ ಎತ್ತಿದಳು.

ಬಟ್ಟೆ ಬಾಗಿಲ ಮೇಲಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅಲ್ಲಿಂದ ಇನ್ನೊಂದು ಹನಿ ಇಳಿಯುತ್ತಿತ್ತು.

ಅಪ್ಪ ಆಗಲೇ ಅಂಗಡಿಗೆ ಹೋಗಿದ್ದ. ಅಮ್ಮ ಅದಕ್ಕೂ ಮುಂಚೆ ಹೋಗಿದ್ದಳು. ಹೊಸ್ತಿಲ ಮೇಲೆ ನಿಲ್ಲಬೇಕಾದರೆ ಅಜ್ಜಿಗೆ ಎಡಗೈಯಲ್ಲಿ ಚೌಕಟ್ಟು ಹಿಡಿಯಲೇ ಬೇಕು. ಹಾಗಾದರೆ ಮೊಳೆಯವರೆಗೆ ಹೋದದ್ದು ಬಲಗೈ.

ಚಿಲಕ ಕೆಳಗೆ ನೋಡಿದಳು. ಅಜ್ಜನ ಚಪ್ಪಲಿ ತಿರುಗಿತ್ತು. ಮೂತಿ ಗೋಡೆಗೆ, ಹಿಮ್ಮಡಿ ಹೊರಗೆ. ಹಿಮ್ಮಡಿ ಇರಬೇಕಾದ ಜಾಗದಲ್ಲಿ ಗರಗಸದ ಗೀರುಗಳು ಹಗಲ ಬೆಳಕಿಗೆ ಕಾಣುವಂತೆ ತೆರೆದುಕೊಂಡಿದ್ದವು. ಅಲ್ಲೂ ಒರೆಸಲಾಗಿತ್ತು. ಒಂದು ಒರಟು ಗೀರಿಗೆ ಬಟ್ಟೆಯ ಎಳೆಯೊಂದು ಸಿಕ್ಕಿಕೊಂಡಿತ್ತು.

ಅವಳು ಕುಕ್ಕರಗಾಲಲ್ಲಿ ಕೂತು ಆ ಎಳೆಯನ್ನು ಮುಟ್ಟಿದಳು. ಆದರೆ ಕೀಳಲಿಲ್ಲ.

ಒಳಗೆ ಅಜ್ಜಿ ತಲೆ ಬಾಚಿಕೊಳ್ಳುತ್ತಿದ್ದಳು. ನೋವಿಗೆ ಒಂದೆರಡು ಸಲ ಹಾ ಎನ್ನುತ್ತಿದ್ದಳು. ಶಾಲೆಗೆ ಹೊತ್ತಾಯಿತು, ಲೋಟ ತೊಳೆದಿಟ್ಟು ಹೋಗು ಎಂದು ಕೂಗಿ ಹೇಳಿದಳು. ಬೇರೆ ಏನೂ ಹೇಳಲಿಲ್ಲ. ಕೇಳಲೂ ಇಲ್ಲ. ಚಿಲಕ ಲೋಟ ತೊಳೆದು, ಬೋರಲು ಹಾಕಿ, ಶಾಲೆಗೆ ಹೋದಳು. ದಾರಿಯುದ್ದಕ್ಕೂ ಆ ತಣ್ಣಗಿನ ಹನಿ ಹಣೆಯ ಮೇಲೇ ಇದ್ದ ಹಾಗಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಸಂಜೆ ಆಸ್ಪತ್ರೆಗೆ ಹೊರಡುವ ಹೊತ್ತು. ಅಜ್ಜಿ ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಅಪ್ಪ ಕಿಟಕಿ ಮುಚ್ಚುತ್ತಿದ್ದ. ನೀನು ಹೋಗಿ ಹತ್ತಿರು, ಬಂದೆವು ಎಂದ.

ಚಿಲಕ ಒಬ್ಬಳೇ ಸಂದಿಗೆ ಹೋದಳು. ಎಷ್ಟೋ ದಿನದ ಮೇಲೆ ಹೋಗಿದ್ದಳು. ಎರಡು ಗೋಡೆಗಳ ನಡುವೆ ಆಗಲೇ ಅರ್ಧ ಕತ್ತಲೆ. ಬೈಕು ಬಾಗಿಲ ಕಡೆ ಮುಖ ಮಾಡಿ ನಿಂತಿತ್ತು. ಅವಳು ಕಾಲು ಎತ್ತಿ ಹಾಕಿ, ಸೀಟಿನ ನಡುವೆ ತನ್ನ ಜಾಗದಲ್ಲಿ ಕೂತಳು.

ಉಸ್ಸ್ ಎಂದು ಸೀಟು ಇಳಿಯಿತು. ಅವಳು ಕಾದಳು. ಟಪ್. ಇನ್ನೂ ಒಂದು ಚೂರು ಇಳಿಯಿತು.

ಬುಷ್ ದೊಡ್ಡದು, ಬೋಲ್ಟ್ ಬಿಗಿ. ಅವಳಿಗೆ ಗೊತ್ತಿತ್ತು. ಆದರೂ ಅವಳು ಮೆಲ್ಲಗೆ ಹಿಂದೆ ತಿರುಗಿ, ಖಾಲಿ ಸೀಟನ್ನು ನೋಡಿದಳು. ಅಜ್ಜಿಯ ಹೆಜ್ಜೆ ಹೊಸ್ತಿಲು ದಾಟಿ ಹತ್ತಿರ ಬರುತ್ತಿತ್ತು.

"ಅಜ್ಜಾ," ಎಂದಳು ಚಿಲಕ, "ಅಜ್ಜಿಗೆ ಒಂಚೂರು ಜಾಗ ಬಿಡು."